ಅಟ್ಟದ ಮೇಲಿನ ಸಮರ: ಡಾವೋಸ್‌ನಲ್ಲಿ ಸ್ಟೀವನ್‌ಸನ್



ಇತಿಹಾಸವೆಂದರೆ ರಾಜರ, ಯುದ್ಧಗಳ, ಒಪ್ಪಂದಗಳ ಕಥೆ ಎಂದು ನಾವು ಸಾಮಾನ್ಯವಾಗಿ ತಿಳಿದುಕೊಂಡಿರುತ್ತೇವೆ. ಪರೀಕ್ಷೆಗೆ ಓದುವಾಗ ಇಸವಿಗಳೇ ಕಣ್ಣ ಮುಂದೆ ಕುಣಿಯುತ್ತವೆ. ಆದರೆ ಮನುಷ್ಯ ಆಡಿದ ಆಟಗಳಿಗೂ ಒಂದು ಇತಿಹಾಸವಿದೆ. ಆ ಇತಿಹಾಸವನ್ನು ಕೆದಕುತ್ತ ಹೋದರೆ ಅದು ರಾಜರ ಆಸ್ಥಾನಕ್ಕೂ ಸೈನ್ಯದ ಪಾಳೆಯಕ್ಕೂ ಆಸ್ಪತ್ರೆಯ ಕೊಠಡಿಗೂ ನಮ್ಮನ್ನು ಕರೆದೊಯ್ಯುತ್ತದೆ. ಪುಟ್ಟ ಬೊಂಬೆ ಸೈನಿಕರನ್ನು ನೆಲದ ಮೇಲೆ ನಿಲ್ಲಿಸಿ, ನಿಯಮಬದ್ಧವಾಗಿ ಯುದ್ಧ ಹೂಡುವ ಹವ್ಯಾಸ ಅಂಥದೊಂದು ಆಟ. ಪಾಶ್ಚಾತ್ಯ ದೇಶಗಳಲ್ಲಿ ಇಂದು ಸಾವಿರಾರು ಜನ ವಯಸ್ಕರು ಇದನ್ನು ಶ್ರದ್ಧೆಯಿಂದ ಆಡುತ್ತಾರೆ. ಈ ಹವ್ಯಾಸದ ಆರಂಭದ ದಿನಗಳಲ್ಲಿ, ತಾಯ್ನಾಡಿನಿಂದ ದೂರವಾಗಿ, ಕಾಯಿಲೆಯಿಂದ ನರಳುತ್ತಿದ್ದ ಒಬ್ಬ ಲೇಖಕ ಅದನ್ನು ಹೇಗೆ ಆಡಿದ ಎಂಬುದನ್ನು ಇಲ್ಲಿ ನೋಡೋಣ. ಆ ಲೇಖಕ ನಿಮಗೆ ಅಪರಿಚಿತನೇನಲ್ಲ. ‘ಟ್ರೆಷರ್ ಐಲೆಂಡ್’ ಕಾದಂಬರಿಯನ್ನು ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ ಅವನು.

ಮೊದಲು ಆಟದ ಹುಟ್ಟನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಇದರ ಬೇರು ನಮ್ಮ ನೆಲಕ್ಕೆ ಸೇರಿದ್ದು. ಆನೆ, ಕುದುರೆ, ರಥ, ಕಾಲಾಳುಗಳೆಂಬ ನಾಲ್ಕು ಅಂಗಗಳ ಸೈನ್ಯವನ್ನು ಮಣೆಯ ಮೇಲೆ ನಡೆಸುವ ಚತುರಂಗ ಭಾರತದಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬ್ಬರ ಮೂಲಕ ಯೂರೋಪಿಗೆ ಹೋಗಿ ಚೆಸ್ ಆಯಿತು. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್ ಆಸ್ಥಾನದಲ್ಲಿದ್ದ ಹೆಲ್‌ವಿಗ್ ಎಂಬ ವಿದ್ವಾಂಸ ಈ ಚೆಸ್ಸನ್ನೇ ಹಿಗ್ಗಿಸಿ, ಮನೆಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು, ಬೆಟ್ಟ, ನೀರು, ಬಯಲುಗಳನ್ನು ತೋರಿಸುವ ಒಂದು ಯುದ್ಧದಾಟವನ್ನು ಪ್ರಕಟಿಸಿದ. 1812ರಲ್ಲಿ ರೈಸ್‌ವಿಟ್ಸ್ ಎಂಬ ಪ್ರಷ್ಯದ ಅಧಿಕಾರಿ ಚೌಕಗಳನ್ನೇ ಕೈಬಿಟ್ಟು, ಉಬ್ಬುತಗ್ಗುಗಳಿರುವ ಭೂಪ್ರದೇಶದ ತುಂಡುಗಳನ್ನು ಜೋಡಿಸುವ ಮೇಜೊಂದನ್ನು ತನ್ನ ದೊರೆಗೆ ಒಪ್ಪಿಸಿದ. 1824ರಲ್ಲಿ, ಫಿರಂಗಿದಳದ ಅಧಿಕಾರಿಯಾಗಿದ್ದ ಅವನ ಮಗ ಅದನ್ನು ಇನ್ನಷ್ಟು ತಿದ್ದಿದ. 1:8000 ಪ್ರಮಾಣದ ನಕ್ಷೆ, ಗುಂಡಿನ ಪರಿಣಾಮವನ್ನು ಹೇಳಲು ದಾಳ, ಎರಡು ಪಕ್ಷಗಳ ನಡುವೆ ಒಬ್ಬ ತೀರ್ಪುಗಾರ, ಹೀಗೆ ‘ಕ್ರೀಗ್‌ಸ್ಪೀಲ್’ ರೂಪುಗೊಂಡಿತು. ಪ್ರಷ್ಯದ ಸೈನ್ಯ ಇದನ್ನು ಅಧಿಕಾರಿಗಳ ತರಬೇತಿಗೆ ಬಳಸಿತು. 1870–71ರಲ್ಲಿ ಫ್ರಾನ್ಸನ್ನು ಪ್ರಷ್ಯ ಸೋಲಿಸಿದ ಮೇಲೆ ಇತರ ದೇಶಗಳ ಸೇನಾಧಿಕಾರಿಗಳೂ ಈ ಆಟದತ್ತ ಕಣ್ಣು ಹಾಯಿಸಿದರು. ಅಂದರೆ, ಸ್ಟೀವನ್‌ಸನ್ನನ ಕಾಲಕ್ಕೆ ಯುದ್ಧದಾಟವೆಂಬುದು ಪಾಳೆಯದ ಪಾಠವಾಗಿತ್ತು. ತವರ ಹಾಗೂ ಸೀಸದ ಸಿಪಾಯಿಗಳು ಮಕ್ಕಳ ಆಟಿಕೆಗಳಾಗಿದ್ದವು. ಇವೆರಡನ್ನೂ ಒಂದುಗೂಡಿಸಿ ಮನೆಯೊಳಗೆ ತಂದವರಲ್ಲಿ ಅವನು ಮೊದಲಿಗರಲ್ಲೊಬ್ಬ.

ಸ್ಟೀವನ್‌ಸನ್ ಹುಟ್ಟಿದ್ದು 1850ರಲ್ಲಿ, ಸ್ಕಾಟ್‌ಲೆಂಡಿನ ಎಡಿನ್‌ಬರೊ ನಗರದಲ್ಲಿ. ಚಿಕ್ಕಂದಿನಿಂದಲೂ ಎದೆಯ ಕಾಯಿಲೆ ಅವನ ಬೆನ್ನು ಹತ್ತಿತ್ತು. ಎಷ್ಟೋ ದಿನಗಳನ್ನು ಹಾಸಿಗೆಯಲ್ಲೇ ಕಳೆದ ಆ ಹುಡುಗನಿಗೆ ಹೊದಿಕೆಯ ಮಡಿಕೆಗಳೇ ಬೆಟ್ಟ, ಕಣಿವೆ. ಹಾಸಿಗೆಯ ಮೇಲೆ ಸೀಸದ ಸೈನಿಕರನ್ನು ನಡೆಸುವ ಒಬ್ಬ ರೋಗಿ ಬಾಲಕನ ಚಿತ್ರ ಅವನು 1885ರಲ್ಲಿ ಪ್ರಕಟಿಸಿದ ಮಕ್ಕಳ ಪದ್ಯಗಳ ಸಂಕಲನದಲ್ಲಿದೆ. 1880ರ ಮೇ ತಿಂಗಳಲ್ಲಿ ಅವನು ಅಮೆರಿಕದಲ್ಲಿ ಫ್ಯಾನಿ ಆಸ್‌ಬರ್ನ್ ಎಂಬಾಕೆಯನ್ನು ಮದುವೆಯಾದ. ಆಕೆಗೆ ಹಿಂದಿನ ಮದುವೆಯಿಂದ ಲಾಯ್ಡ್ ಎಂಬ ಮಗನಿದ್ದ. ಆಗ ಅವನಿಗೆ ಹನ್ನೆರಡು ವರ್ಷ. ಅದೇ ವರ್ಷದ ಚಳಿಗಾಲಕ್ಕೆ ವೈದ್ಯರ ಸಲಹೆಯಂತೆ ಈ ಸಂಸಾರ ಸ್ವಿಟ್ಜರ್‌ಲೆಂಡಿನ ಡಾವೋಸ್‌ಗೆ ಬಂದಿತು.

ಡಾವೋಸ್ ಸಮುದ್ರಮಟ್ಟದಿಂದ ಸುಮಾರು 1,560 ಮೀಟರ್ ಎತ್ತರದಲ್ಲಿರುವ ಕಣಿವೆ. ಕ್ಷಯರೋಗಿಗಳಿಗೆ ಅಲ್ಲಿನ ಒಣ ಚಳಿಗಾಳಿಯೇ ಔಷಧಿ ಎಂಬ ನಂಬಿಕೆಯಿಂದ 1860ರ ದಶಕದಿಂದ ಅದು ರೋಗಿಗಳ ಊರಾಗಿ ಬೆಳೆದಿತ್ತು. ಸ್ಟೀವನ್‌ಸನ್ನನದು ನಿಜವಾಗಿ ಕ್ಷಯವೇ ಆಗಿತ್ತೇ ಎಂಬ ಬಗ್ಗೆ ನಂತರದ ವೈದ್ಯರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಆಗ ಅವನನ್ನು ಕ್ಷಯರೋಗಿಯೆಂದೇ ನೋಡಿಕೊಳ್ಳಲಾಯಿತು. ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದುದಾಗಿ ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಘೋಷಿಸಿದ್ದು 1882ರ ಮಾರ್ಚ್ 24ರಂದು. ಅಂದರೆ ಸ್ಟೀವನ್‌ಸನ್ ಡಾವೋಸ್‌ನಲ್ಲಿ ಎರಡನೆಯ ಚಳಿಗಾಲವನ್ನು ಮುಗಿಸುತ್ತಿದ್ದಾಗ. ಪರಿಣಾಮಕಾರಿಯಾದ ಔಷಧಿ ಬರಲು ಇನ್ನೂ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಲ್ಲಿಯವರೆಗೆ ರೋಗಿಯ ಪಾಲಿಗೆ ಉಳಿದದ್ದು ಕಾಯುವುದೊಂದೇ.

ಈ ಕಾಯುವಿಕೆ ಎಷ್ಟು ಕಷ್ಟದ್ದು ಎಂಬುದನ್ನು 1881ರಲ್ಲಿ ಲಂಡನ್ನಿನ ‘ಪಾಲ್ ಮಾಲ್ ಗೆಜೆಟ್’ ಪತ್ರಿಕೆಗೆ ಅವನು ಬರೆದ ಲೇಖನಗಳಲ್ಲಿ ಕಾಣಬಹುದು. ಎತ್ತ ನೋಡಿದರೂ ಹಿಮ. ನಡೆದಾಡಲು ಅವೇ ಕೆಲವು ದಾರಿಗಳು. ಕಣಿವೆಯೇ ಸೆರೆಮನೆಯಂತೆ ಭಾಸವಾಗುತ್ತದೆ ಎಂಬ ಭಾವ ಅಲ್ಲಿದೆ. ಸುತ್ತಲಿನವರು ಆಡುವ ಭಾಷೆ ಬೇರೆ, ತನ್ನ ಜನ ದೂರ, ಕೆಲಸ ಮಾಡೋಣವೆಂದರೆ ಶಕ್ತಿಯಿಲ್ಲ. ಪರಸ್ಥಳದಲ್ಲಿ ದೀರ್ಘಕಾಲ ಕಾಯಿಲೆ ಮಲಗಿದವರಿಗೆ ಈ ಸ್ಥಿತಿ ಬೇಗ ಅರ್ಥವಾದೀತು.

ಎರಡನೆಯ ಚಳಿಗಾಲಕ್ಕೆ, ಅಂದರೆ 1881–82ರಲ್ಲಿ, ಅವರು ‘ಷಾಲೆ ಆಮ್ ಷ್ಟೈನ್’ ಎಂಬ ಮರದ ಮನೆಯನ್ನು ಬಾಡಿಗೆಗೆ ಹಿಡಿದರು. ಆ ಮನೆಗೊಂದು ಅಟ್ಟವಿತ್ತು. ಅಲ್ಲಾಡುವ ಏಣಿ ಹತ್ತಿ ಹೋಗಬೇಕು, ಬೆಂಕಿ ಕಾಯಿಸುವ ಅನುಕೂಲವಿಲ್ಲ, ತಲೆಯೆತ್ತಿ ನಿಲ್ಲುವಂತಿಲ್ಲ, ಮೋಂಬತ್ತಿಯಿಲ್ಲದೆ ಏನೂ ಕಾಣದು. ಅಲ್ಲಿ ಮಲತಂದೆಯೂ ಮಗನೂ ನೆಲದ ಮೇಲೆ ಬಣ್ಣ ಬಣ್ಣದ ಸೀಮೆಸುಣ್ಣದಿಂದ ಒಂದು ದೇಶದ ನಕ್ಷೆಯನ್ನೇ ಬರೆದರು. ಬೆಟ್ಟಗಳು, ನದಿಗಳು, ಊರುಗಳು, ಸೇತುವೆಗಳು, ಎರಡು ದರ್ಜೆಯ ರಸ್ತೆಗಳು ಅದರಲ್ಲಿದ್ದವು. ಅದರ ಮೇಲೆ ಪುಟ್ಟ ಸೈನಿಕರ ದಂಡು ಹೊರಟಿತು.

ಇದು ಬರೀ ಬೊಂಬೆಗಳನ್ನು ಉರುಳಿಸುವ ಆಟವಾಗಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ದಂಡಿನ ಮುಂದೆ ಕುದುರೆದಳ, ಹಿಂದೆ ಮೀಸಲು ಪಡೆ. ಸೇತುವೆ ಕಟ್ಟುವುದಕ್ಕೂ ಕೆಡಹುವುದಕ್ಕೂ ನಿಯಮವಿತ್ತು. ಹವೆ ಕೆಟ್ಟರೆ ರಸ್ತೆ ಕೆಡುತ್ತಿತ್ತು, ರಸ್ತೆ ಕೆಟ್ಟರೆ ನಡಿಗೆ ನಿಧಾನವಾಗುತ್ತಿತ್ತು. ಭಾರಿ ಫಿರಂಗಿಗಳು ಕಾಲಾಳುಗಳಿಗಿಂತ ಮೆಲ್ಲಗೆ ಚಲಿಸುತ್ತಿದ್ದವು. ಅವನ್ನು ಸಾಕುವ ಖರ್ಚೂ ಹೆಚ್ಚು. ಎಲ್ಲಕ್ಕಿಂತ ಮಿಗಿಲಾಗಿ, ದಂಡಿಗೆ ಆಹಾರ ಸಾಮಗ್ರಿ ತಲುಪಿಸುವ ಏರ್ಪಾಟನ್ನೂ ಆಟಗಾರರೇ ನೋಡಿಕೊಳ್ಳಬೇಕಾಗಿತ್ತು. ಪಠ್ಯಪುಸ್ತಕದಲ್ಲಿ ಯುದ್ಧವೆಂದರೆ ಸೇನಾಪತಿಯ ಶೌರ್ಯವೆಂದು ಓದಿದವರಿಗೆ, ಗೆಲುವು ಸೋಲುಗಳು ಬಹುಮಟ್ಟಿಗೆ ರಸ್ತೆ, ಮಳೆ, ಗಾಡಿ ಮತ್ತು ರೊಟ್ಟಿಗಳಿಂದ ನಿರ್ಧಾರವಾಗುತ್ತವೆ ಎಂಬ ಸತ್ಯವನ್ನು ಈ ಅಟ್ಟದ ಆಟ ಕಲಿಸುತ್ತದೆ.

ಸ್ಟೀವನ್‌ಸನ್ ಅಷ್ಟಕ್ಕೇ ನಿಲ್ಲಲಿಲ್ಲ. ಈ ಕಲ್ಪಿತ ದೇಶಕ್ಕೆ ಕಲ್ಪಿತ ಪತ್ರಿಕೆಗಳನ್ನೂ ಸೃಷ್ಟಿಸಿದ. ‘ಗ್ಲೆಂಡರೂಲ್ ಟೈಮ್ಸ್’, ‘ಯಾಲೋಬ್ಯಾಲಿ ರೆಕಾರ್ಡ್’ ಎಂಬ ಹೆಸರಿನಲ್ಲಿ, ರಣರಂಗದಿಂದ ವರದಿಗಾರರು ಬರೆದಂತೆ ಸುದ್ದಿಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟ. ಅದೇ ಮನೆಯಲ್ಲಿ ಲಾಯ್ಡ್‌ನ ಬಳಿ ಒಂದು ಸಣ್ಣ ಮುದ್ರಣಯಂತ್ರವೂ ಇತ್ತು. ಸ್ಟೀವನ್‌ಸನ್ ತಾನೇ ಅಚ್ಚುಗಳನ್ನು ಕೆತ್ತಿ, ಪದ್ಯ ಬರೆದುಕೊಟ್ಟ. ಹುಡುಗ ಅವನ್ನು ಪುಟ್ಟ ಪುಸ್ತಕಗಳಾಗಿ ಮುದ್ರಿಸಿ ಮಾರಿದ. ಸ್ಕಾಟ್‌ಲೆಂಡಿನಲ್ಲಿ ಒಂದು ದ್ವೀಪದ ನಕ್ಷೆಯಿಂದ ಆರಂಭವಾಗಿ ನಡುವೆ ನಿಂತುಹೋಗಿದ್ದ ‘ಟ್ರೆಷರ್ ಐಲೆಂಡ್’ ಪೂರ್ಣಗೊಂಡದ್ದೂ ಡಾವೋಸ್‌ನಲ್ಲಿ, ಈ ಎರಡನೆಯ ಚಳಿಗಾಲದಲ್ಲೇ. ನಕ್ಷೆ ಬರೆದು ಅದರೊಳಗೆ ಮನುಷ್ಯರನ್ನು ನಡೆಸುವುದು ಅವನಿಗೆ ಆಟದಲ್ಲೂ ಬರಹದಲ್ಲೂ ಒಂದೇ ರೀತಿಯ ಸಂತೋಷವಾಗಿತ್ತು ಎಂದು ತೋರುತ್ತದೆ.

ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ನಾಲ್ಕು ಗೋಡೆಗಳ ನಡುವಿನ ಈ ವಿವರಗಳೆಲ್ಲ ನಮಗೆ ತಿಳಿದದ್ದು ಹೇಗೆ? ಇದಕ್ಕೆ ಎರಡು ಆಧಾರಗಳಿವೆ. ಒಂದು, ಆಗಲೇ ಬರೆದ ನೋಟ್ ಪುಸ್ತಕ. ಸ್ಟೀವನ್‌ಸನ್ ಮುಂದೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ನೆಲೆಸಿ 1894ರಲ್ಲಿ ತೀರಿಕೊಂಡ. ಅಲ್ಲಿನ ಪೆಟ್ಟಿಗೆಯೊಂದರಲ್ಲಿ ಆ ಪುಸ್ತಕ ಲಾಯ್ಡ್‌ಗೆ ಸಿಕ್ಕಿತು. ಎರಡು, ಲಾಯ್ಡ್ ಅದನ್ನು 1898ರ ಡಿಸೆಂಬರ್‌ನಲ್ಲಿ ‘ಸ್ಕ್ರಿಬ್ನರ್ಸ್’ ಮಾಸಪತ್ರಿಕೆಯಲ್ಲಿ ಪ್ರಕಟಿಸುವಾಗ ಸೇರಿಸಿದ ನೆನಪುಗಳು. ಮೊದಲನೆಯದು ಸಮಕಾಲೀನ ದಾಖಲೆ. ಆದರೆ ತಮಾಷೆಗಾಗಿ ಬರೆದದ್ದು. ಎರಡನೆಯದು ಗಂಭೀರವಾದದ್ದು, ಆದರೆ ಹದಿನಾರು ವರ್ಷಗಳ ನಂತರ, ತೀರಿಹೋದ ಮಲತಂದೆಯ ಮೇಲಿನ ಪ್ರೀತಿಯಿಂದ ಬರೆದದ್ದು. ನಮ್ಮ ನಾಡಿನ ಚರಿತ್ರೆಯನ್ನು ಓದುವಾಗ ಆ ಕಾಲದ್ದೇ ಆದ ಶಾಸನವನ್ನೂ, ಎಷ್ಟೋ ಕಾಲದ ನಂತರ ಹುಟ್ಟಿದ ಐತಿಹ್ಯವನ್ನೂ ಬೇರೆ ಬೇರೆಯಾಗಿ ತೂಗಿ ನೋಡುತ್ತೇವಲ್ಲ, ಇಲ್ಲಿಯೂ ಹಾಗೆಯೇ ಮಾಡಬೇಕು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಗಹನವಾದದ್ದು. ಯುದ್ಧವನ್ನು ಆಟವಾಗಿ ಆಡುವವನು ಯುದ್ಧವನ್ನು ಮೆಚ್ಚುತ್ತಾನೆಯೇ? ಸ್ಟೀವನ್‌ಸನ್ನನ ಬದುಕು ಹೌದೆನ್ನುವುದಿಲ್ಲ. ಡಾವೋಸ್‌ನ ಮೊದಲ ಚಳಿಗಾಲದಲ್ಲೇ ದಕ್ಷಿಣ ಆಫ್ರಿಕದಲ್ಲಿ ಬ್ರಿಟಿಷರಿಗೂ ಬೋಯರರಿಗೂ ಯುದ್ಧ ನಡೆಯುತ್ತಿತ್ತು. ತನ್ನದೇ ಸರ್ಕಾರದ ನಡೆಯನ್ನು ಖಂಡಿಸಿ, ಬೋಯರರ ಸ್ವಾತಂತ್ರ್ಯದ ಪರವಾಗಿ ಒಂದು ಪ್ರತಿಭಟನೆಯ ಬರಹಕ್ಕೆ ಅವನು ಕೈಹಾಕಿದ. ಸಮೋವಾದಲ್ಲಿ ಜರ್ಮನಿ, ಬ್ರಿಟನ್, ಅಮೆರಿಕಗಳು ಸ್ಥಳೀಯರ ಜಗಳದಲ್ಲಿ ತಲೆಹಾಕಿದಾಗ, 1892ರಲ್ಲಿ ಆ ರಾಜಕೀಯವನ್ನು ಬಯಲಿಗೆಳೆಯುವ ಇತಿಹಾಸ ಗ್ರಂಥವನ್ನೇ ಬರೆದ. 1893ರಲ್ಲಿ ಅಲ್ಲಿ ನಿಜವಾದ ಯುದ್ಧವೇ ನಡೆಯಿತು. ಸೋತು ಸೆರೆಯಾದ ನಾಯಕರನ್ನು ಅವನು ಸೆರೆಮನೆಗೆ ಹೋಗಿ ಕಂಡ, ಅವರಿಗೆ ನೆರವಾದ. ಬಿಡುಗಡೆಯಾದ ಮೇಲೆ 1894ರಲ್ಲಿ ಆ ನಾಯಕರು ಕೃತಜ್ಞತೆಯಿಂದ ಅವನ ಮನೆಗೆ ತಮ್ಮ ಕೈಯಾರೆ ಒಂದು ರಸ್ತೆಯನ್ನು ಕಟ್ಟಿಕೊಟ್ಟರು. ಒಂದು ಕಾಲಕ್ಕೆ ಸೀಮೆಸುಣ್ಣದಲ್ಲಿ ರಸ್ತೆಗಳನ್ನು ಬರೆದು ದಂಡು ನಡೆಸಿದವನಿಗೆ ಯುದ್ಧದ ಕೊನೆಯಲ್ಲಿ ಸಿಕ್ಕ ನಿಜವಾದ ರಸ್ತೆ ಅದು.

ಡಾವೋಸ್‌ನ ಆ ದಿನಗಳ ನಂತರ ಈ ಆಟ ಬೆಳೆಯುತ್ತ ಹೋಯಿತು. 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಅಗ್ಗವಾಗಿ ತಯಾರಿಸತೊಡಗಿತು. 1913ರಲ್ಲಿ ಎಚ್. ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಆಟದ ನಿಯಮಗಳನ್ನು ಬರೆದ. ನಿಜವಾದ ಮಹಾಯುದ್ಧ ಎಂಥ ಮೂರ್ಖತನದ್ದೆಂದು ತಿಳಿಯಲು ಈ ಪುಟ್ಟ ಯುದ್ಧವನ್ನು ಆಡಿ ನೋಡಿದರೆ ಸಾಕು ಎಂಬುದು ಅವನ ವಾದವಾಗಿತ್ತು. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು. ಆಟ ಯುದ್ಧವನ್ನು ತಡೆಯಲಿಲ್ಲ, ನಿಜ. ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿದ್ದ ಡೊನಾಲ್ಡ್ ಫೆದರ್‌ಸ್ಟೋನ್ 1962ರಲ್ಲಿ ಬರೆದ ಪುಸ್ತಕದಿಂದ ಈ ಹವ್ಯಾಸ ಮತ್ತೆ ಚಿಗುರಿತು. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವೂ ಇದೇ ಬಳ್ಳಿಯ ಕಾಯಿ.

ಒಟ್ಟಿನಲ್ಲಿ ಹೇಳುವುದಾದರೆ, ಡಾವೋಸ್‌ನ ಅಟ್ಟದಲ್ಲಿ ಆಟ ಮಾಡಿದ ಕೆಲಸ ಯುದ್ಧಕ್ಕಿಂತ ಬೇರೆಯದು. ಹೊಸದಾಗಿ ಸಂಬಂಧವಾದ ಒಬ್ಬ ಹುಡುಗನಿಗೂ ಮಲತಂದೆಗೂ ಅದು ಸ್ನೇಹವನ್ನು ಬೆಸೆಯಿತು. ನಾಳೆ ಬದುಕಿರುತ್ತೇನೋ ಇಲ್ಲವೋ ಎಂದಿದ್ದ ಒಬ್ಬ ರೋಗಿಗೆ ನಾಳೆಯ ದಂಡಯಾತ್ರೆಯನ್ನು ಯೋಚಿಸುವ ಹುಮ್ಮಸ್ಸು ಕೊಟ್ಟಿತು. ಅದಕ್ಕೆ ಬೇಕಾದದ್ದು ಸೀಮೆಸುಣ್ಣ, ಒಂದಿಷ್ಟು ಬೊಂಬೆಗಳು, ಖಾಲಿ ನೆಲ ಮತ್ತು ಜೊತೆಗೊಬ್ಬ ಆಟಗಾರ. ಓದಿಗಾಗಿಯೋ ಕೆಲಸಕ್ಕಾಗಿಯೋ ನಾಳೆ ನಿಮ್ಮಲ್ಲಿ ಹಲವರು ದೂರದ ಊರಿಗೆ, ದೂರದ ದೇಶಕ್ಕೆ ಹೋಗಬಹುದು. ಅಲ್ಲಿನ ಒಂಟಿತನದ ಸಂಜೆಗಳಲ್ಲಿ ಕೈಗೆ ಕೆಲಸವನ್ನೂ ಮನಸ್ಸಿಗೆ ಜೊತೆಯನ್ನೂ ಕೊಡುವ ಯಾವುದಾದರೂ ಒಂದು ಹವ್ಯಾಸವನ್ನು ಈಗಿನಿಂದಲೇ ರೂಢಿಸಿಕೊಳ್ಳುವುದು ಒಳ್ಳೆಯದು.