ತಂತ್ರಾಂಶದ ಕೈಪಿಡಿಗಳ ನೆಲೆ

ಬರಹವು ಎಲ್ಲಿ ಇರತಕ್ಕದ್ದೆಂಬ ಪ್ರಶ್ನೆಯು ಶಾಸನಾಭ್ಯಾಸಿಗಳಿಗೆ ಹೊಸದಲ್ಲ. ಶಿಲಾಶಾಸನವು ದತ್ತಿಯ ನೆಲದಲ್ಲಿಯೋ ದೇವಾಲಯದ ಮುಂದೆಯೋ ನಿಲ್ಲುವುದು. ತಾಮ್ರಶಾಸನವಾದರೋ ದಾನ ಪಡೆದವನ ಕೈಸೇರಿ ಅವನ ವಂಶದೊಡನೆ ಊರೂರು ಅಲೆಯುವುದು. ದೂಧಗಂಗಾ ವೇದಗಂಗೆಗಳ ಸಂಗಮದ ಬಳಿಯಿರುವ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು (1872–1955) ಧವಲಾದಿ ಸಿದ್ಧಾಂತಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೊರೆಯಿಸಲು ಪ್ರೇರಕರಾದರು. ಆ ಪಟಗಳ ನೆಲೆ ಫಲಟಣ. ಅದೇ ಗ್ರಂಥಗಳ ಓಲೆಪ್ರತಿಗಳು ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದುವು, ಆದರೆ ದರ್ಶನಕ್ಕೆ ದೊರೆತಷ್ಟು ಓದಿಗೆ ದೊರೆಯಲಿಲ್ಲ. ಕಾಪಾಡುವ ನೆಲೆ ಬೇರೆ, ಓದುವ ನೆಲೆ ಬೇರೆ.

ಗಣಕಯಂತ್ರದ ತಂತ್ರಾಂಶಗಳಲ್ಲಿಯೂ ಇದೇ ತೊಡಕು ಹುಟ್ಟಿದೆ. ಲಿನಕ್ಸ್ ವ್ಯವಸ್ಥೆಯಲ್ಲಿ ತಂತ್ರಾಂಶವು ಒಂದು ಕಟ್ಟಾಗಿ ಬರುವುದು. ಆ ಕಟ್ಟಿನೊಳಗೆ ಕೆಲಸಮಾಡುವ ಭಾಗವಲ್ಲದೆ ಕೈಪಿಡಿ, ಬದಲಾವಣೆಗಳ ದಾಖಲೆ, ಹಕ್ಕುಪತ್ರ ಇವೂ ಇರುವುವು. 1994ರಲ್ಲಿ ಹೊರಟ ಕಡತವ್ಯವಸ್ಥೆಯ ಮೊದಲ ನಿಯಮಾವಳಿಯ ಕಾಲದಲ್ಲಿ ಇವುಗಳ ಸ್ಥಾನ ‘/ಯುಎಸ್‌ಆರ್/ಡಾಕ್’. 1997ರಲ್ಲಿ ಅದರ ಉತ್ತರಾಧಿಕಾರಿಯಾದ ನಿಯಮಾವಳಿಯು ಅವನ್ನು ‘/ಯುಎಸ್‌ಆರ್/ಶೇರ್/ಡಾಕ್’ ಎಂಬಲ್ಲಿಗೆ ಸಾಗಿಸಿತು. ಕಾರಣವು ಯುಕ್ತವಾದುದೇ: ಯಂತ್ರದ ಜಾತಿ ಬೇರೆಯಾದರೆ ಕೆಲಸಮಾಡುವ ಕಡತವೂ ಬೇರೆಯಾಗಬೇಕು, ಕೈಪಿಡಿಯ ಮಾತು ಬೇರೆಯಾಗಬೇಕಾಗಿಲ್ಲ. ಒಂದೇ ಪ್ರತಿಯನ್ನು ಜಾಲದ ಮೂಲಕ ಹಲವು ಯಂತ್ರಗಳು ಹಂಚಿಕೊಳ್ಳಬಹುದು.

ಯುಕ್ತವಾದರೂ ಸಾಗಿಸುವುದು ಸುಲಭವಾಗಲಿಲ್ಲ. ಡೆಬಿಯನ್ ಸಂಘದಲ್ಲಿ ಒಂದೊಂದು ಕಟ್ಟೂ ಒಬ್ಬೊಬ್ಬ ಸ್ವಯಂಸೇವಕನ ಹೊಣೆ. ಕೆಲವರು ಸ್ಥಳ ಬದಲಿಸಿ ಕೆಲವರು ಬದಲಿಸದಿದ್ದರೆ ಓದುಗನು ಎರಡೆಡೆಯಲ್ಲಿಯೂ ತಡಕಬೇಕು. 1999ರಲ್ಲಿ ಈ ವಿವಾದವು ಅವರ ತಾಂತ್ರಿಕ ಸಮಿತಿಯ ಮುಂದೆ ಹೋಯಿತು. ಕಡತಗಳು ಹೊಸ ಎಡೆಗೆ ಹೋಗಲಿ, ಹಳೆಯ ಎಡೆಯಲ್ಲಿ ಅತ್ತ ತೋರುವ ಕೊಂಡಿಯೊಂದು ಕೆಲಕಾಲ ಉಳಿಯಲಿ ಎಂದು ಸಮಿತಿಯು ನಿರ್ಣಯಿಸಿತು. ನಿಘಂಟುಕಾರರು ಒಂದು ಪದದ ಕೆಳಗೆ ‘ನೋಡಿ’ ಎಂದು ಬರೆದು ಇನ್ನೊಂದು ಪದಕ್ಕೆ ಕಳುಹಿಸುವ ಕ್ರಮವೇ ಇದು. ಇಂತಹ ಕೊಂಡಿಯನ್ನು ಅಂದಗೇಡೆಂದು ಹಳಿಯುವವರುಂಟು. ಹಳೆಯ ಉಲ್ಲೇಖಗಳನ್ನು ಹಿಡಿದು ಬರುವ ಓದುಗನ ಕಷ್ಟವನ್ನು ಬಲ್ಲವರು ಹಳಿಯಲಾರರು.

ಫೆಡೋರಾದವರ ತೊಡಕು ಹೆಸರಿನದು. ಅಲ್ಲಿ ಕೋಶದ ಹೆಸರಿನೊಡನೆ ಆವೃತ್ತಿಯ ಸಂಖ್ಯೆಯೂ ಸೇರಿರುತ್ತಿದ್ದುದರಿಂದ ಆವೃತ್ತಿ ಬದಲಾದಂತೆಲ್ಲ ವಿಳಾಸವೂ ಬದಲಾಗುತ್ತಿದ್ದಿತು. 2013ರ ಇಪ್ಪತ್ತನೆಯ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು ಬಿಟ್ಟರು.

ಇನ್ನೂ ಗಹನವಾದ ಮಾತೊಂದುಂಟು. ಯಾವ ತಂತ್ರಾಂಶವೂ ತನ್ನ ಕೆಲಸಕ್ಕೆ ‘/ಯುಎಸ್‌ಆರ್/ಶೇರ್/ಡಾಕ್’ನಲ್ಲಿರುವ ಕಡತವನ್ನು ಅವಲಂಬಿಸಕೂಡದೆಂದು ಡೆಬಿಯನ್ ನಿಯಮವು ವಿಧಿಸಿದೆ. ಇದರಿಂದ ಯಜಮಾನನು ಆ ಕೋಶವನ್ನೇ ಅಳಿಸಿದರೂ ಯಂತ್ರವು ನಿಲ್ಲದು. ಸ್ಥಳದ ಉಳಿತಾಯಕ್ಕಾಗಿ ಕೈಪಿಡಿಗಳನ್ನು ಕಟ್ಟಿನಿಂದ ಇಳಿಸದಿರುವ ಅನುಕೂಲವನ್ನು ಡೆಬಿಯನ್, ಫೆಡೋರಾ ಎರಡೂ ಕಲ್ಪಿಸಿವೆ. ಕಿರಿದಾಗಿ ಕಟ್ಟುವ ವ್ಯವಸ್ಥೆಗಳಲ್ಲಿ ಇದು ಇಂದು ವಾಡಿಕೆ. ಆದರೆ ಪ್ರತಿಯೊಂದು ಕಟ್ಟಿನ ಹಕ್ಕುಪತ್ರಕ್ಕೂ ಡೆಬಿಯನ್ನಿನಲ್ಲಿ ಅದೇ ಕೋಶವೇ ನೆಲೆ. ಕೈಪಿಡಿ ಬೇಡವೆಂದು ಕೋಶವನ್ನೆಲ್ಲ ಬರಿದುಮಾಡುವವನು ಕರ್ತೃವಿನ ಹೆಸರನ್ನೂ, ಪ್ರತಿಮಾಡಲು ಅವನಿತ್ತ ಅನುಮತಿಯನ್ನೂ ಅಳಿಸುವನು. ಆದುದರಿಂದ ಉಳಿದುದನ್ನು ಬಿಟ್ಟರೂ ಹಕ್ಕುಪತ್ರವನ್ನು ಮಾತ್ರ ಉಳಿಸಿಕೊಳ್ಳುವ ಏರ್ಪಾಟನ್ನು ಬಲ್ಲವರು ಮಾಡುವರು.

ಭಾಷೆಗಳ ನೆಲೆಯೂ ನಿಯಮಾವಳಿಯಲ್ಲಿ ಗೊತ್ತಾಗಿದೆ. ಕೈಪಿಡಿಯ ಪುಟಗಳಿಗೆ ‘/ಯುಎಸ್‌ಆರ್/ಶೇರ್/ಮ್ಯಾನ್’ ಎಂಬುದರ ಅಡಿಯಲ್ಲಿ ಭಾಷೆಗೊಂದು ಕೋಶ. ಕನ್ನಡದ ಸಂಕೇತ ‘ಕೆಎನ್’. ಅಲ್ಲಿಡತಕ್ಕ ಪುಟಗಳನ್ನು ಬರೆಯುವುದು ನಮ್ಮವರ ಕೆಲಸ.