ಆಲ್ ಅಮೆರಿಕನ್ ರೇಸರ್ಸ್: ಸ್ವಂತ ಕಾರಿನಲ್ಲೇ ಗೆಲ್ಲಹೊರಟ ತಂಡ

ಚಕ್ರಗಳಿಗೆ ಹೊದಿಕೆಯಿಲ್ಲದ, ಒಬ್ಬ ಚಾಲಕನಿಗಷ್ಟೇ ಆಸನವಿರುವ ಓಟದ ಕಾರುಗಳ ಲೋಕವು 1960ರ ದಶಕದಲ್ಲಿ ಎರಡಾಗಿ ಒಡೆದಿತ್ತು. ಅಮೆರಿಕದವರಿಗೆ ಇಂಡಿಯಾನಾಪೊಲಿಸ್‌ನ ಅಂಡಾಕಾರದ ಪಥ ಮತ್ತು ಅಲ್ಲಿ ನಡೆಯುವ 500 ಮೈಲಿಗಳ ಓಟವೇ ಸರ್ವಸ್ವ. ಯುರೋಪಿನವರಿಗಾದರೋ ತಿರುವು-ಮುರುವುಗಳ ಗ್ರಾಂಡ್ ಪ್ರಿ ಓಟವೇ ನಿಜವಾದ ಪರೀಕ್ಷೆ. ಈ ಎರಡನ್ನೂ ತನ್ನದೇ ಕಾರಿನಿಂದ ಗೆಲ್ಲಬೇಕೆಂದು ಹೊರಟ ತಂಡವೇ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಪಟ್ಟಣದ ಆಲ್ ಅಮೆರಿಕನ್ ರೇಸರ್ಸ್.

ಸ್ಥಾಪಕರು ಇಬ್ಬರು: ಚಾಲಕ ಡ್ಯಾನ್ ಗರ್ನಿ ಮತ್ತು ಕಾರು ನಿರ್ಮಾಪಕ ಕ್ಯಾರೊಲ್ ಶೆಲ್ಬಿ. ಕೆಲವು ವರ್ಷಗಳಲ್ಲೇ ಶೆಲ್ಬಿ ಹೊರನಡೆದುದರಿಂದ ತಂಡವು ಗರ್ನಿಯವರದೇ ಆಯಿತು. ಗರ್ನಿಯವರದು ವಿಚಿತ್ರ ಯೋಗ. ಪೋರ್ಷೆ ಕಾರಿಗೆ ಮೊದಲ ಗ್ರಾಂಡ್ ಪ್ರಿ ಗೆಲುವನ್ನು 1962ರಲ್ಲಿ ತಂದುಕೊಟ್ಟವರು ಅವರು. ಬ್ರಾಭಮ್ ಕಾರಿಗೆ 1964ರಲ್ಲಿ ಅದೇ ಭಾಗ್ಯವನ್ನು ಒದಗಿಸಿದವರೂ ಅವರೇ. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ನರನ್ನು ಇಂಡಿಯಾನಾಪೊಲಿಸ್‌ಗೆ ಕರೆತಂದು, ಎಂಜಿನ್ ಹಿಂದಿರುವ ಕಾರಿನ ಕ್ರಾಂತಿಗೆ ಕಾರಣರಾದವರೂ ಅವರೇ. ಪರರ ಮನೆಗೆ ಇಷ್ಟೆಲ್ಲ ದೀಪ ಹಚ್ಚಿದವರಿಗೆ ತಮ್ಮದೇ ಒಂದು ದೀಪ ಬೇಕೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹಣ ಬಂದದ್ದು ಗುಡ್‌ಇಯರ್ ಟೈರ್ ಕಂಪನಿಯಿಂದ. ಇಂಡಿಯಾನಾಪೊಲಿಸ್‌ನಲ್ಲಿ ಪ್ರತಿಸ್ಪರ್ಧಿ ಫೈರ್‌ಸ್ಟೋನ್‌ಗಿದ್ದ ಹಿಡಿತವನ್ನು ಸಡಿಲಿಸುವುದು ಆ ಕಂಪನಿಯ ಲೆಕ್ಕಾಚಾರವಾಗಿತ್ತು. ಗ್ರಾಂಡ್ ಪ್ರಿ ಗರ್ನಿಯವರ ಕನಸಾಗಿತ್ತು. ಕಾರಿಗೆ ಅಮೆರಿಕದ ರಾಷ್ಟ್ರಪಕ್ಷಿಯ ನೆನಪಿಗೆ ‘ಈಗಲ್’ ಎಂದು ಹೆಸರಿಟ್ಟರು. ಕಡುನೀಲಿ ಬಣ್ಣ, ನಡುವೆ ಬಿಳಿಯ ಪಟ್ಟಿ, ಮುಂಭಾಗದಲ್ಲಿ ಹದ್ದಿನ ಕೊಕ್ಕನ್ನು ಹೋಲುವ ಬಾಯಿ. ಅಷ್ಟು ಸುಂದರವಾದ ಓಟದ ಕಾರು ಮತ್ತೊಂದಿಲ್ಲವೆಂದು ಹೇಳುವವರು ಇಂದಿಗೂ ಇದ್ದಾರೆ. ಚಿತ್ರ ನೋಡಿದವರು ಸುಲಭವಾಗಿ ಅಲ್ಲಗಳೆಯಲಾರರು.

ವಿನ್ಯಾಸಕ ಲೆನ್ ಟೆರ್ರಿ ಇಂಗ್ಲೆಂಡಿನವರು. ಹನ್ನೆರಡು ಸಿಲಿಂಡರ್‌ಗಳ ಮೂರು ಲೀಟರ್ ಎಂಜಿನ್ ಸಿದ್ಧವಾದದ್ದೂ ಇಂಗ್ಲೆಂಡಿನ ರೈ ಊರಿನ ವೆಸ್ಲೇಕ್ ಕಾರ್ಖಾನೆಯಲ್ಲಿ. ಆದ್ದರಿಂದ ಗ್ರಾಂಡ್ ಪ್ರಿ ಶಾಖೆಯನ್ನು ‘ಆಂಗ್ಲೋ ಅಮೆರಿಕನ್ ರೇಸರ್ಸ್’ ಎಂದೇ ಕರೆದರು. 1966ರಲ್ಲಿ ಆ ಎಂಜಿನ್ ಸಕಾಲಕ್ಕೆ ಸಿದ್ಧವಾಗದೆ, ನಾಲ್ಕು ಸಿಲಿಂಡರ್‌ಗಳ ಹಳೆಯ ಕ್ಲೈಮ್ಯಾಕ್ಸ್ ಎಂಜಿನ್ನಿನಿಂದಲೇ ಕಾರ್ಯಾರಂಭ ಮಾಡಬೇಕಾಯಿತು. ವೆಸ್ಲೇಕ್ ಎಂಜಿನ್ನಿನ ಶಕ್ತಿಗೆ ಕೊರತೆಯಿರಲಿಲ್ಲ, ಭರವಸೆಗೆ ಇತ್ತು. ಹಳೆಯ ಯಂತ್ರಗಳಲ್ಲಿ ಕಡೆದು ತೆಗೆದ ಭಾಗಗಳು ಒಂದು ಎಂಜಿನ್ನಿನಿಂದ ಇನ್ನೊಂದಕ್ಕೆ ಸರಿಹೊಂದುತ್ತಿರಲಿಲ್ಲ. ಇಂತಹ ಎಂಜಿನ್ನನ್ನು ಓಟದಿಂದ ಓಟಕ್ಕೆ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ಕನ ಪಾಡನ್ನು ಊಹಿಸಿಕೊಳ್ಳಬಹುದು.

1967ರ ಜೂನ್ 18ರಂದು, ಬೆಲ್ಜಿಯಮ್ಮಿನ ಸ್ಪಾ-ಫ್ರಾಂಕೋರ್‌ಶಾಂನಲ್ಲಿ ಎಲ್ಲವೂ ಕೂಡಿಬಂತು. ಅಂದಿನ ಸ್ಪಾ ಎಂದರೆ ಸಾರ್ವಜನಿಕ ರಸ್ತೆಗಳನ್ನೇ ಜೋಡಿಸಿದ, ಸುಮಾರು 14 ಕಿಲೋಮೀಟರ್ ಉದ್ದದ ಪಥ, 28 ಸುತ್ತುಗಳು. ಮುನ್ನಡೆಯಲ್ಲಿದ್ದ ಜಿಮ್ ಕ್ಲಾರ್ಕ್ ಅವರ ಲೋಟಸ್ ಸ್ಪಾರ್ಕ್ ಪ್ಲಗ್ಗಿನ ತೊಂದರೆಗೆ ಸಿಲುಕಿತು. ಜಾಕಿ ಸ್ಟೀವರ್ಟ್ ತಮ್ಮ ಕಾರಿನ ಗೇರ್ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಿಸಬೇಕಾಯಿತು. ಇಂಧನದ ಒತ್ತಡ ಕುಸಿಯುತ್ತಿದೆಯೆಂದು ಗರ್ನಿ ಸಹ ಒಮ್ಮೆ ಪಿಟ್‌ಗೆ ಬಂದು, ಮತ್ತೆ ಹೊರಟು, ಸ್ಟೀವರ್ಟರನ್ನು ಹಿಂದಿಕ್ಕಿದರು. ಗಂಟೆಗೆ ಸುಮಾರು 235 ಕಿಲೋಮೀಟರ್ ಸರಾಸರಿ ವೇಗದಲ್ಲಿ, ಒಂದು ನಿಮಿಷಕ್ಕೂ ಹೆಚ್ಚಿನ ಅಂತರದಲ್ಲಿ ಜಯ ದಕ್ಕಿತು. ಕೇವಲ ಒಂದು ವಾರದ ಹಿಂದೆ ಅವರು ಎ. ಜೆ. ಫಾಯ್ಟ್ ಜೊತೆಗೂಡಿ ಲ ಮಾನ್ಸ್‌ನ 24 ಗಂಟೆಗಳ ಓಟವನ್ನೂ ಗೆದ್ದಿದ್ದರು. ತಾವೇ ಕಟ್ಟಿದ ಕಾರಿನಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಗ್ರಾಂಡ್ ಪ್ರಿ ಗೆದ್ದ ಅಮೆರಿಕನ್ ಅವರೊಬ್ಬರೇ.

ಆದರೆ ಆ ವರ್ಷದ ಒಟ್ಟು ಲೆಕ್ಕ ಕಹಿಯಾಗಿದೆ. ಹನ್ನೊಂದು ಓಟಗಳಲ್ಲಿ ಗರ್ನಿ ಗುರಿ ಮುಟ್ಟಿದ್ದು ಎರಡರಲ್ಲಿ ಮಾತ್ರ: ಬೆಲ್ಜಿಯಮ್ಮಿನಲ್ಲಿ ಮೊದಲಿಗರಾಗಿ, ಕೆನಡಾದಲ್ಲಿ ಮೂರನೆಯವರಾಗಿ. ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ ಕೆಲವೇ ಸುತ್ತುಗಳು ಉಳಿದಿದ್ದು, ಗೆಲುವು ಕೈಯಳತೆಯಲ್ಲಿದ್ದಾಗ, ಚಕ್ರಕ್ಕೆ ಶಕ್ತಿ ಒಯ್ಯುವ ದಂಡದ ಜೋಡಣೆ ಮುರಿಯಿತು. 1968ರೊಳಗೆ ಹಣ ಕರಗಿ, ಗ್ರಾಂಡ್ ಪ್ರಿ ಪ್ರಯತ್ನ ನಿಂತುಹೋಯಿತು.

ತಂಡ ಬದುಕಿದ್ದು ತವರಿನಲ್ಲಿ. ಅದೇ 1968ರ ಇಂಡಿಯಾನಾಪೊಲಿಸ್‌ನಲ್ಲಿ ಬಾಬಿ ಅನ್ಸರ್ ಈಗಲ್ ಕಾರಿನಲ್ಲಿ ಗೆದ್ದರು, ಗರ್ನಿ ಎರಡನೆಯವರಾದರು. ಗರ್ನಿ 1970ರಲ್ಲಿ ಚಾಲನೆಯಿಂದ ನಿವೃತ್ತರಾಗಿ ಕಾರ್ಖಾನೆಗೇ ಮೀಸಲಾದರು. ಮರುವರ್ಷ ಹಿಂದಿನ ರೆಕ್ಕೆಯ ಅಂಚಿಗೆ ಲೋಹದ ಒಂದು ಕಿರುಪಟ್ಟಿಯನ್ನು ನೆಟ್ಟಗೆ ಕೂರಿಸಿದಾಗ ಕಾರು ನೆಲವನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿತು. ‘ಗರ್ನಿ ಫ್ಲ್ಯಾಪ್’ ಎಂಬ ಈ ಉಪಾಯ ಇಂದು ಹೆಲಿಕಾಪ್ಟರುಗಳಲ್ಲೂ ಬಳಕೆಯಲ್ಲಿದೆ. 1972ರ ಈಗಲ್, ಇಂಡಿಯಾನಾಪೊಲಿಸ್‌ನ ಅರ್ಹತಾ ವೇಗವನ್ನು ಒಂದೇ ವರ್ಷದಲ್ಲಿ ಗಂಟೆಗೆ 178 ಮೈಲಿಯಿಂದ 195ಕ್ಕೂ ಮೇಲೆ ಕೊಂಡೊಯ್ದಿತು. ಇತರ ತಂಡಗಳೂ ಸಾಲುಗಟ್ಟಿ ಈಗಲ್ ಕೊಂಡವು: 1973ರ ಗೆಲುವು ಹಾಗೆ ಕೊಂಡ ಕಾರಿನದು, 1975ರದು ತಂಡದ ಸ್ವಂತದ್ದು.

1978ರಲ್ಲಿ ಗರ್ನಿ ಲೇಖನಿ ಹಿಡಿದರು. ಓಟಕ್ಕೆ ಹಣ ಸುರಿಯುವ ತಂಡಗಳಿಗೆ ನಿಯಮ ರೂಪಿಸುವಲ್ಲಿ ದನಿಯೇ ಇಲ್ಲ ಎಂಬುದು ಅವರು ಬರೆದ ‘ಶ್ವೇತಪತ್ರ’ದ ತಿರುಳು. ಅದರಿಂದ ತಂಡಗಳ ಮಾಲೀಕರದೇ ಸಂಸ್ಥೆಯಾದ ಕಾರ್ಟ್ ಹುಟ್ಟಿ, 1979ರಿಂದ ಪ್ರತ್ಯೇಕ ಓಟಗಳನ್ನು ನಡೆಸಿತು. ಆ ಒಡಕಿನ ಬೆಲೆಯನ್ನು ಅಮೆರಿಕದ ಓಟಲೋಕ ಬಹುಕಾಲ ತೆತ್ತಿತೆನ್ನಬೇಕು. ಆದರೂ ಪತ್ರದಲ್ಲಿದ್ದ ದೂರು ಸುಳ್ಳಾಗಿರಲಿಲ್ಲ.

ಬಳಿಕ ಟೊಯೊಟಾ ಜೊತೆಗೂಡಿ ಮುಚ್ಚಿದ ಚಕ್ರದ ಕಾರುಗಳಲ್ಲಿ ತಂಡವು 1992 ಮತ್ತು 1993ರ ಅಮೆರಿಕನ್ ಪಟ್ಟ ಗೆದ್ದಿತು. ಅದೇ ಟೊಯೊಟಾ ಎಂಜಿನ್ನಿನೊಂದಿಗೆ 1996ರಲ್ಲಿ ತೆರೆದ ಚಕ್ರದ ಓಟಕ್ಕೆ ಮರಳಿ, ಒಂದೂ ಗೆಲುವಿಲ್ಲದೆ 1999ರಲ್ಲಿ ಹೊರಬಂದಿತು. ಗರ್ನಿ 2018ರ ಜನವರಿ 14ರಂದು ತಮ್ಮ 86ನೆಯ ವಯಸ್ಸಿನಲ್ಲಿ ನಿಧನರಾದರು.