ಕರ್ನಾಟಕ ಕರಾವಳಿಯ ದ್ವೀಪಗಳಿಗೆ ಬಾಡಿಗೆ ದೋಣಿ ಪ್ರಯಾಣ

ಕರ್ನಾಟಕದ ಕರಾವಳಿಯಾಚೆ ಇರುವ ದ್ವೀಪಗಳಿಗೆ ಹಾಗೂ ರಸ್ತೆ ಸಂಪರ್ಕವಿಲ್ಲದ ಕಡಲತೀರಗಳಿಗೆ ಒಂದು ತಂಡವು ದೋಣಿಯನ್ನು ಅಥವಾ ವಿಹಾರನೌಕೆಯನ್ನು ಪೂರ್ತಿಯಾಗಿ ಬಾಡಿಗೆಗೆ ಪಡೆದು ಕೈಗೊಳ್ಳುವ ಪ್ರಯಾಣವು ಬಾಡಿಗೆ ದೋಣಿ ಪ್ರಯಾಣವಾಗಿದೆ. ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಸುಮಾರು 320 ಕಿ.ಮೀ. ಉದ್ದಕ್ಕೆ ಚಾಚಿರುವ ಈ ಕರಾವಳಿಯಲ್ಲಿ ಮಲ್ಪೆ, ಮುರ್ಡೇಶ್ವರ, ಹೊನ್ನಾವರ ಮತ್ತು ಕಾರವಾರಗಳಿಂದ ಇಂತಹ ದೋಣಿಗಳು ಹೊರಡುತ್ತವೆ. ಮೆಡಿಟರೇನಿಯನ್ ಸಮುದ್ರದಲ್ಲಿರುವಂತೆ ಮಲಗುವ ಕೋಣೆ, ಅಡುಗೆಮನೆಗಳುಳ್ಳ ನೌಕೆಯಲ್ಲಿ ವಾರಗಟ್ಟಲೆ ತಂಗುವ ಪದ್ಧತಿ ಇಲ್ಲಿ ಬೆಳೆದಿಲ್ಲ. ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳುವ ಯಂತ್ರಚಾಲಿತ ದೋಣಿಯ ಪ್ರಯಾಣವೇ ಸಾಮಾನ್ಯ.

ಪ್ರಮುಖ ದ್ವೀಪಗಳು

ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ಈ ಕರಾವಳಿಯ ದ್ವೀಪಗಳಲ್ಲಿ ಅತ್ಯಂತ ದುರ್ಗಮವಾದುದು. ಇಂಗ್ಲಿಷ್ ನಕಾಶೆಗಳಲ್ಲಿ ಇದಕ್ಕೆ ಪಿಜನ್ ಐಲ್ಯಾಂಡ್ ಎಂಬ ಹೆಸರಿದೆ. ಸುತ್ತಲೂ ಕಡಿದಾದ ಬಂಡೆಗಳಿದ್ದು, ದೋಣಿ ತಾಗಿಸಲು ಮರಳಿನ ದಡವಿಲ್ಲ. ಬಿಳಿಹೊಟ್ಟೆಯ ಕಡಲಹದ್ದು ಇಲ್ಲಿ ಗೂಡು ಕಟ್ಟುತ್ತದೆ. ಮೀನುಗಾರರು ಹರಕೆಯಾಗಿ ಬಿಟ್ಟ ಆಡುಗಳ ಸಂತತಿ ಮೇಲಿನ ಕಾಡಿನಲ್ಲಿ ಬೆಳೆದಿದೆ. ನೌಕಾಪಡೆಯು ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿರುವುದರಿಂದ ಮದ್ದುಗುಂಡುಗಳ ಅವಶೇಷಗಳೂ ಕಂಡುಬಂದಿವೆ. ಪ್ರವಾಸಿಗರು ದ್ವೀಪದ ಮೇಲೆ ಇಳಿಯುವಂತಿಲ್ಲ. ನೇತ್ರಾಣಿಗೆ ಹೋಗುವುದೆಂದರೆ ಅದರ ಸುತ್ತಲಿನ ನೀರಿಗೆ, ಅಲ್ಲಿನ ಹವಳ ಮತ್ತು ಮೀನುಗಳನ್ನು ನೋಡಲು ಹೋಗುವುದೆಂದೇ ಅರ್ಥ. ಬಾಡಿಗೆ ಗೊತ್ತುಮಾಡುವ ಮೊದಲೇ ಇದು ತಿಳಿದಿರಬೇಕು.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳು ಇದಕ್ಕೆ ತೀರ ವಿರುದ್ಧ. ಲಾವಾರಸ ತಣಿದು ರೂಪುಗೊಂಡ ಕಂಬದಾಕಾರದ ಶಿಲೆಗಳ ಈ ದ್ವೀಪಸಮೂಹಕ್ಕೆ ಮಳೆಗಾಲದ ಹೊರತು ನಿತ್ಯವೂ ದೋಣಿಗಳಿವೆ. ಏಕಾಂತವನ್ನು ಬಯಸುವವರಿಗೆ ಇದು ತಕ್ಕ ಸ್ಥಳವಲ್ಲ. ಹೊನ್ನಾವರದ ಬಳಿಯ ಬಸವರಾಜದುರ್ಗ ಕೆಳದಿ ಅರಸರ ಕಾಲದ ಕೋಟೆಯುಳ್ಳ ದ್ವೀಪ. ಕಾರವಾರದ ಎದುರು ನರಸಿಂಹ ದೇವಾಲಯವಿರುವ ಕೂರ್ಮಗಡ ಮತ್ತು ದೀಪಸ್ತಂಭವಿರುವ ದೇವಗಡ ದ್ವೀಪಗಳಿವೆ. ಕಾರವಾರದ ದಕ್ಷಿಣದ ಅಂಜದೀವ್ ಆಡಳಿತಾತ್ಮಕವಾಗಿ ಗೋವಾ ರಾಜ್ಯಕ್ಕೆ ಸೇರಿದ್ದು, ಕದಂಬ ನೌಕಾನೆಲೆಯ ವ್ಯಾಪ್ತಿಯಲ್ಲಿರುವುದರಿಂದ ಸಾರ್ವಜನಿಕರಿಗೆ ಮುಕ್ತವಾಗಿಲ್ಲ.

ದ್ವೀಪಗಳಲ್ಲದೆ ಗೋಕರ್ಣದ ಅರ್ಧಚಂದ್ರ ಕಡಲತೀರ, ಮಾಜಾಳಿಯ ಆಚೆ ಎಳ್ಳಿನಂತಹ ಕಪ್ಪು ಮರಳಿರುವ ತಿಳಮಾತಿ ಮುಂತಾದವು ಕಾಲ್ನಡಿಗೆಯಲ್ಲಿ ಅಥವಾ ದೋಣಿಯಲ್ಲಿ ಮಾತ್ರ ತಲುಪಬಹುದಾದ ಸ್ಥಳಗಳು.

ಋತು ಮತ್ತು ಹೊತ್ತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದ ಕಾಲದಲ್ಲಿ ಈ ಪ್ರಯಾಣಗಳು ನಡೆಯುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಅಕ್ಟೋಬರ್‌ನಿಂದ ಮೇ ಮಧ್ಯದವರೆಗಿನ ಅವಧಿ ಪ್ರಯಾಣಯೋಗ್ಯವೆನಿಸಿದರೂ ಅದರ ಎರಡು ತುದಿಗಳಲ್ಲಿ ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಹುಟ್ಟುವುದುಂಟು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮೂಲ್ಕಿ ಬಳಿಯ ಬಂಡೆಗಳ ನಡುವೆ ಸಿಲುಕಿದ ಟಗ್ ಒಂದರ 9 ಸಿಬ್ಬಂದಿಯನ್ನು ನೌಕಾಪಡೆ ಮತ್ತು ತಟರಕ್ಷಕ ಪಡೆಗಳು ಪಾರುಮಾಡಬೇಕಾಯಿತು. ಆದುದರಿಂದ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ತಿಂಗಳುಗಳೇ ಹೆಚ್ಚು ನಂಬಲರ್ಹ.

ತಿಂಗಳಷ್ಟೇ ಮುಖ್ಯವಾದುದು ದಿನದ ಹೊತ್ತು. ಬೇಸಿಗೆ ಸಮೀಪಿಸಿದಂತೆ, ಬೆಳಿಗ್ಗೆ ಶಾಂತವಾಗಿರುವ ಕಡಲು ನಡುಹಗಲಿನ ಬಳಿಕ ವಾಯವ್ಯದ ಗಾಳಿಗೆ ಕದಡುತ್ತದೆ. ಬೆಳಿಗ್ಗೆ 7 ಗಂಟೆಗೆ ಹೊರಡಬೇಕಾದ ದೋಣಿ 10 ಗಂಟೆಗೆ ಹೊರಟರೆ ಮರಳುವ ದಾರಿಯಲ್ಲಿ ಅದು ಬೇರೆಯದೇ ಕಡಲನ್ನು ಎದುರಿಸುತ್ತದೆ. ಅಳಿವೆಗಳಲ್ಲಿ, ವಿಶೇಷವಾಗಿ ಹೂಳು ತುಂಬಿದ ಶರಾವತಿಯ ಮುಖದಲ್ಲಿ, ಇಳಿತದ ಹೊಳೆನೀರು ಒಳಬರುವ ಅಲೆಗೆ ಎದುರಾದಾಗ ಅಲೆಗಳು ಕಡಿದಾಗಿ ಏಳುತ್ತವೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ-ಇಳಿತಗಳ ಅಂತರ ಹೆಚ್ಚುವುದರಿಂದ ಈ ತೊಡಕೂ ಹೆಚ್ಚು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಅಲೆ ಮತ್ತು ಗಾಳಿಯ ಮುನ್ಸೂಚನೆಯನ್ನೂ ಭಾರತೀಯ ಹವಾಮಾನ ಇಲಾಖೆಯು ಮೀನುಗಾರರಿಗೆ ಎಚ್ಚರಿಕೆಯನ್ನೂ ಪ್ರಕಟಿಸುತ್ತವೆ. ಹೊರಡುವ ಹಿಂದಿನ ಸಂಜೆ ಇವೆರಡನ್ನೂ ನೋಡಿ, ಆ ಬಳಿಕ ತಾಂಡೇಲನ ಮಾತು ಕೇಳುವುದು ವಾಡಿಕೆ. ತಾಂಡೇಲ ಬೇಡವೆಂದರೆ ಆ ದಿನದ ಪ್ರಯಾಣ ಮುಗಿದಂತೆಯೇ. ಆದುದರಿಂದ ಕಾರ್ಯಕ್ರಮದಲ್ಲಿ ಒಂದು ಬಿಡುವಿನ ದಿನವನ್ನೂ, ಒಪ್ಪಂದದಲ್ಲಿ ಹವಾಮಾನದಿಂದ ಪ್ರಯಾಣ ರದ್ದಾದರೆ ಹಣ ಮರಳಿಸುವ ಷರತ್ತನ್ನೂ ಇಟ್ಟುಕೊಳ್ಳುವುದು ಅಗತ್ಯ.

ದೋಣಿಯ ಆಯ್ಕೆ

ಪ್ರಯಾಣಿಕರನ್ನು ಒಯ್ಯುವ ದೋಣಿಗೆ ನೋಂದಣಿ, ಪರವಾನಗಿ ಮತ್ತು ವಿಮೆ ಇರಬೇಕು. ಮೀನುಗಾರಿಕೆಗೆಂದು ನೋಂದಾಯಿತವಾದ ದೋಣಿ ಎಷ್ಟೇ ಗಟ್ಟಿಯಾಗಿದ್ದರೂ ಪ್ರಯಾಣಿಕರ ದೋಣಿಯಲ್ಲ. ಪರವಾನಗಿಯಲ್ಲಿ ನಮೂದಾದ ಜನರ ಸಂಖ್ಯೆ, ತಲೆಗೊಂದರಂತೆ ಜೀವರಕ್ಷಕ ಜಾಕೆಟ್, ವಿ.ಎಚ್.ಎಫ್. ರೇಡಿಯೊ ಮತ್ತು ಬದಲಿ ಎಂಜಿನ್ ಇವುಗಳನ್ನು ಧಕ್ಕೆಯಲ್ಲೇ ಕಣ್ಣಾರೆ ನೋಡಬಹುದು. ಇಂಧನದ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದುದು ಆಪತ್ತಿಗೆ ಎಂಬುದು ನಾವಿಕರ ಹಳೆಯ ಲೆಕ್ಕ. ದಡದಿಂದ ದೂರ ಸರಿದಂತೆ ಮೊಬೈಲ್ ಸಂಕೇತ ಕ್ಷೀಣಿಸುವುದರಿಂದ ರೇಡಿಯೊ ಇಲ್ಲದ ದೋಣಿ ನೇತ್ರಾಣಿಯಂತಹ ದೂರಕ್ಕೆ ತಕ್ಕುದಲ್ಲ. ಆಪತ್ತಿನ ಕರೆಗೆ ರೇಡಿಯೊದ 16ನೇ ಚಾನೆಲ್, ತಟರಕ್ಷಕ ಪಡೆಯ ದೂರವಾಣಿ 1554 ಮತ್ತು ಕರಾವಳಿ ಕಾವಲು ಪೊಲೀಸರ 1093 ಬಳಕೆಯಲ್ಲಿವೆ.

2019ರ ಕೂರ್ಮಗಡ ದುರಂತ

ಪುಷ್ಯ ಹುಣ್ಣಿಮೆಯಂದು ಕೂರ್ಮಗಡದಲ್ಲಿ ನರಸಿಂಹ ದೇವರ ಜಾತ್ರೆ ನಡೆಯುತ್ತದೆ. ವರ್ಷದ ಉಳಿದ ದಿನಗಳಲ್ಲಿ ಬಹುತೇಕ ನಿರ್ಜನವಾಗಿರುವ ದ್ವೀಪಕ್ಕೆ ಅಂದು ದೋಣಿಗಳಲ್ಲಿ ಸಾವಿರಾರು ಭಕ್ತರು ಬರುತ್ತಾರೆ. 2019ರ ಜನವರಿ 21ರಂದು ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಕಾರವಾರದ ಬಳಿ ಮಗುಚಿ 16 ಜನರು ಮೃತಪಟ್ಟರು. ದೋಣಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನರಿದ್ದರು. ಹೆಚ್ಚಿನವರು ಜಾಕೆಟ್ ಧರಿಸಿರಲಿಲ್ಲ. ಮೃತರಲ್ಲಿ ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದೇ ಕುಟುಂಬದ ಹಲವರು, ಮಕ್ಕಳೂ ಸೇರಿ, ಇದ್ದರು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ನಡೆದ ಅವಘಡವಿದು.

ಒಳನಾಡಿನ ಪ್ರಯಾಣಿಕರು

ಈ ದ್ವೀಪಗಳಿಗೆ ಬರುವವರಲ್ಲಿ ಉತ್ತರ ಕರ್ನಾಟಕದ ಬಯಲುಸೀಮೆಯವರೂ ಇದ್ದಾರೆ. ವಿಜಯಪುರದಿಂದ ಹುಬ್ಬಳ್ಳಿಯ ಮೂಲಕ ಅಂಕೋಲಾಕ್ಕೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 52 ಇವರ ಮುಖ್ಯ ದಾರಿ. ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದಂತಹ ಊರಿನವರಿಗೆ ನೀರು ಹೊಸದಲ್ಲ. ನಾರಾಯಣಪುರದ ಬಸವಸಾಗರ ಸಮೀಪದಲ್ಲೇ ಇದೆ, ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟಿದವರೂ ಅಲ್ಲಿದ್ದಾರೆ. ಆದರೆ ಹೊಳೆಯ ಅನುಭವ ಕಡಲಿಗೆ ಒದಗುವುದಿಲ್ಲ. ಹೊಳೆಯಲ್ಲಿ ಸೆಳವು ಒಂದೇ ದಿಕ್ಕಿಗಿರುತ್ತದೆ. ಕಡಲಿನಲ್ಲಿ ಗಾಳಿ, ಅಲೆ, ಸೆಳವು ಮೂರೂ ಮೂರು ದಿಕ್ಕಿಗಿರಬಹುದು. ರಾತ್ರಿಯಿಡೀ ವಾಹನದಲ್ಲಿ ಬಂದು ನಿದ್ದೆಗೆಟ್ಟು ನೇರವಾಗಿ ದೋಣಿ ಹತ್ತುವವರಿಗೆ ಕಡಲಬೇನೆ ಬೇಗ ತಾಗುತ್ತದೆ. ಒಂದು ರಾತ್ರಿ ಕರಾವಳಿಯಲ್ಲಿ ತಂಗಿ, ಬೆಳಿಗ್ಗೆ ಲಘು ಆಹಾರ ಸೇವಿಸಿ ಹೊರಡುವುದು ಲೇಸು. ವಾಂತಿ ತಡೆಯುವ ಮಾತ್ರೆಯನ್ನು ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ತಲೆಸುತ್ತು ಆರಂಭವಾದ ಬಳಿಕ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ದ್ವೀಪಗಳಲ್ಲಿ ಕುಡಿಯುವ ನೀರು ಸಿಗುವುದೆಂದು ನೆಚ್ಚುವಂತಿಲ್ಲ. ಕರಾವಳಿ ಪೊಲೀಸರ ತಪಾಸಣೆಯಿರುವುದರಿಂದ ಪ್ರತಿಯೊಬ್ಬರೂ ಭಾವಚಿತ್ರವಿರುವ ಗುರುತಿನ ಚೀಟಿ ಒಯ್ಯಬೇಕು. ಹವಳವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾಗಿದ್ದು, ಅದನ್ನು ಮುರಿದು ತರುವುದು ಅಪರಾಧ.

ಲಕ್ಷದ್ವೀಪ

ಕರ್ನಾಟಕದ ಕರಾವಳಿಯಿಂದ ಪಶ್ಚಿಮಕ್ಕೆ ಮುಂದಿನ ನೆಲವೆಂದರೆ ಲಕ್ಷದ್ವೀಪ. ಇದರ ಉತ್ತರ ಭಾಗದ ಅಮೀನದೀವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು ಅಕ್ಕಿ ಮೊದಲಾದ ಸರಕನ್ನು ಅಲ್ಲಿಗೆ ಒಯ್ಯುತ್ತಿದ್ದವು. ಇಲ್ಲಿಗೆ ಹೋಗಲು ದಿನದ ದೋಣಿ ಸಾಲದು. ರಾತ್ರಿಯ ಪಹರೆಗೆ ಸಾಕಷ್ಟು ಸಿಬ್ಬಂದಿಯುಳ್ಳ, ತೆರೆದ ಸಮುದ್ರಕ್ಕೆ ತಕ್ಕ ನೌಕೆಯೇ ಬೇಕು. ಭಾರತೀಯ ಪ್ರವಾಸಿಗರಿಗೂ ಲಕ್ಷದ್ವೀಪ ಆಡಳಿತದ ಪ್ರವೇಶ ಪರವಾನಗಿ ಕಡ್ಡಾಯ. ಹವಳದಂಡೆಯ ನಡುವಿನ ಕಿರಿದಾದ ಬಾಗಿಲುಗಳ ಮೂಲಕ ಲಗೂನಿಗೆ ಪ್ರವೇಶಿಸಬೇಕಾದುದರಿಂದ, ಸೂರ್ಯ ಮೇಲಿದ್ದು ನೀರಿನ ಬಣ್ಣದಿಂದ ಆಳ ತಿಳಿಯುವ ಹೊತ್ತಿಗೆ ತಲುಪುವಂತೆ ಮಂಗಳೂರಿನಿಂದ ಹೊರಡುವ ಗಳಿಗೆಯನ್ನು ಲೆಕ್ಕ ಹಾಕಬೇಕಾಗುತ್ತದೆ.